‘ಇನ್ನೂ ತಯಾರಾಗಿಲ್ಲ’ ಎನ್ನುವ ಮುನ್ನ: ಅಂಗವಿಕಲ ಯುವಜನರ ಶಾಲೆಯ ನಂತರದ ಬದುಕು

ಎಡ್ ರಾಬರ್ಟ್ಸ್ ಎಂಬ ಹುಡುಗನಿಗೆ 14ನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಕುತ್ತಿಗೆಯಿಂದ ಕೆಳಗೆ ದೇಹ ಹೆಚ್ಚುಕಡಿಮೆ ಸ್ವಾಧೀನ ತಪ್ಪಿತು. ಉಸಿರಾಡಲೂ ಯಂತ್ರ ಬೇಕಾಯಿತು. ಕ್ಯಾಲಿಫೋರ್ನಿಯಾದ ಆ ಹುಡುಗ ಮನೆಯಲ್ಲಿ ಮಲಗಿಕೊಂಡೇ ದೂರವಾಣಿಯ ಮೂಲಕ ಪ್ರೌಢಶಾಲೆಯ ಪಾಠ ಕೇಳಿದ. ಓದು ಮುಗಿದಾಗ ಶಾಲೆ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ದೈಹಿಕ ಶಿಕ್ಷಣವನ್ನೂ ವಾಹನ ಚಾಲನೆಯ ತರಬೇತಿಯನ್ನೂ ಅವನು ಪೂರೈಸಿಲ್ಲ ಎಂಬುದು ಕಾರಣ. ತಾಯಿ ಪಟ್ಟು ಹಿಡಿದು ಪ್ರಮಾಣಪತ್ರ ಕೊಡಿಸಿದರು. ಮುಂದೆ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಹೊರಟಾಗ ರಾಜ್ಯದ ಪುನರ್ವಸತಿ ಇಲಾಖೆ, ಈತ ಎಂದೂ ದುಡಿಯಲಾರ ಎಂದು ಹೇಳಿ ಮೊದಲು ನೆರವು ನಿರಾಕರಿಸಿತು. 1962ರಲ್ಲಿ ಅವರು ವಿಶ್ವವಿದ್ಯಾಲಯ ಸೇರಿದರು. 1975ರಲ್ಲಿ ಅದೇ ಇಲಾಖೆಯ ನಿರ್ದೇಶಕರಾದರು.

ಇದನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಇತ್ತು, ನಿಜ. ಆದರೆ ನನ್ನನ್ನು ಹೆಚ್ಚು ಕಾಡುವವರು ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದವರು. ಅವರು ಕ್ರೂರಿಗಳಾಗಿದ್ದರು ಎಂದು ನನಗೆ ಅನಿಸುವುದಿಲ್ಲ. ಅವರ ಕೈಯಲ್ಲೊಂದು ಅಳತೆಗೋಲು ಇತ್ತು, ಹುಡುಗ ಅದಕ್ಕೆ ಕಡಿಮೆ ಬಿದ್ದ, ಅಷ್ಟೇ. ಆ ಅಳತೆಗೋಲು ಇನ್ನೂ ನಮ್ಮ ನಡುವೆಯೇ ಇದೆ. ‘ಒಬ್ಬಳೇ ಬಸ್ಸಿನಲ್ಲಿ ಹೋಗಲು ಇನ್ನೂ ತಯಾರಾಗಿಲ್ಲ’, ‘ಕೆಲಸಕ್ಕೆ ಕಳುಹಿಸುವಷ್ಟು ಇನ್ನೂ ಪಳಗಿಲ್ಲ’, ‘ಹಣ ಕೈಗೆ ಕೊಡುವ ಹೊತ್ತು ಇನ್ನೂ ಬಂದಿಲ್ಲ’ ಎಂಬ ಮಾತುಗಳನ್ನು ಪ್ರೀತಿಯಿಂದಲೇ ಆಡಲಾಗುತ್ತದೆ. ವರ್ಷಗಳು ಉರುಳುತ್ತವೆ. ಒಂದು ದಿನ ಶಾಲೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಬಸ್ಸನ್ನೂ ಹತ್ತಿರುವುದಿಲ್ಲ, ಕೆಲಸವನ್ನೂ ಮುಟ್ಟಿರುವುದಿಲ್ಲ, ಹಣವನ್ನೂ ಎಣಿಸಿರುವುದಿಲ್ಲ. ಯಾವುದನ್ನೂ ಮಾಡಲು ಬಿಡದೆ ಎಲ್ಲಕ್ಕೂ ತಯಾರಾಗಬೇಕೆಂದು ಕಾಯುವ ಈ ಕ್ರಮವೇ, ನನ್ನ ಲೆಕ್ಕದಲ್ಲಿ, ಅಂಗವಿಕಲ ಯುವಜನರ ಭವಿಷ್ಯಕ್ಕೆ ಎದುರಾಗುವ ಎಲ್ಲಕ್ಕಿಂತ ದೊಡ್ಡ ಅಡ್ಡಿ.

ಶಾಲೆ ಮುಗಿದ ಮರುದಿನ

ಶಾಲೆ ಎಂದರೆ ಪಾಠವಷ್ಟೇ ಅಲ್ಲ. ಬೆಳಿಗ್ಗೆ ಎದ್ದು ಹೊರಡಲು ಒಂದು ಕಾರಣ, ಹೆಸರು ಹಿಡಿದು ಕರೆಯುವ ಹತ್ತಾರು ಜನ, ಮಾತಿನ ತರಬೇತಿ, ಕೈಕಾಲಿನ ವ್ಯಾಯಾಮ, ವಾಹನ, ಮಧ್ಯಾಹ್ನದ ಊಟ, ಜಗಳವಾಡಲೊಬ್ಬ ಗೆಳೆಯ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಶಾಲೆ ಮುಗಿದ ದಿನ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ. ಉಳಿದ ಮಕ್ಕಳಿಗೂ ಶಾಲೆ ಮುಗಿಯುತ್ತದೆ. ಆದರೆ ಅವರು ತಾವಾಗಿ ಕಾಲೇಜಿಗೋ ಕೆಲಸಕ್ಕೋ ಹೋಗುತ್ತಾರೆ, ಗೆಳೆಯರನ್ನು ತಾವೇ ಹುಡುಕಿಕೊಳ್ಳುತ್ತಾರೆ. ಅಂಗವಿಕಲ ಯುವಕನಿಗೆ ಅಥವಾ ಯುವತಿಗೆ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಾಗಿಲು ತಟ್ಟಬೇಕಾಗುತ್ತದೆ. ಆರೋಗ್ಯಕ್ಕೆ ಒಂದು ಕಚೇರಿ, ಉದ್ಯೋಗಕ್ಕೆ ಇನ್ನೊಂದು, ಭತ್ಯೆಗೆ ಮತ್ತೊಂದು. ಒಂದು ಕಚೇರಿಯಲ್ಲಿರುವ ಕಡತದ ವಿಷಯ ಇನ್ನೊಂದಕ್ಕೆ ಗೊತ್ತಿರುವುದಿಲ್ಲ.

ಕಾನೂನಿನ ಸ್ವರೂಪವೂ ಅದೇ ಹೊತ್ತಿಗೆ ಬದಲಾಗುತ್ತದೆ. ಶಾಲಾ ಶಿಕ್ಷಣ ಬಹುತೇಕ ದೇಶಗಳಲ್ಲಿ ಹಕ್ಕು. ಆಡಳಿತ ಅದನ್ನು ಕೊಡಲೇಬೇಕು. ಶಾಲೆಯ ನಂತರದ ಸೇವೆಗಳು ಹಾಗಲ್ಲ. ಅವುಗಳಿಗೆ ಅರ್ಜಿ ಹಾಕಬೇಕು, ಅರ್ಹತೆ ಸಾಬೀತು ಮಾಡಬೇಕು, ಸರದಿಯಲ್ಲಿ ಕಾಯಬೇಕು. ಈ ಗಡಿ ಯಾವ ವಯಸ್ಸಿಗೆ ಬರುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಅಮೆರಿಕದಲ್ಲಿ ವಿಶೇಷ ಶಿಕ್ಷಣ ಸಾಮಾನ್ಯವಾಗಿ 21 ವರ್ಷದವರೆಗೆ ಸಾಗಬಹುದು. ಇಂಗ್ಲೆಂಡಿನಲ್ಲಿ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ ಬಂದ ಮೇಲೆ ಶಿಕ್ಷಣ, ಆರೋಗ್ಯ ಮತ್ತು ಆರೈಕೆಯನ್ನು ಒಟ್ಟಿಗೆ ನೋಡುವ ಯೋಜನೆಯನ್ನು ಅಗತ್ಯವಿದ್ದವರಿಗೆ 25 ವರ್ಷದವರೆಗೆ ಮುಂದುವರಿಸಬಹುದು. ಗಡಿ ಎಲ್ಲಿದ್ದರೂ ಅದು ಹುಟ್ಟುಹಬ್ಬದಂತೆ ಮೊದಲೇ ಗೊತ್ತಿರುವ ದಿನ. ಆದರೂ ಎಷ್ಟೋ ಮನೆಗಳಲ್ಲಿ ಅದು ಅನಿರೀಕ್ಷಿತವಾಗಿ ಎರಗುತ್ತದೆ ಎಂಬುದು ನನಗೆ ನೋವಿನ ಸಂಗತಿ.

ಇನ್ನೊಂದು ಬದಲಾವಣೆ ಯಾವ ಕಾನೂನಿನ ಪುಸ್ತಕದಲ್ಲೂ ಎದ್ದು ಕಾಣುವುದಿಲ್ಲ. ಶಾಲೆಯಲ್ಲಿ ಮಗುವಿಗೆ ಏನು ಬೇಕು ಎಂಬುದನ್ನು ದೊಡ್ಡವರು ಗಮನಿಸಿ ಒದಗಿಸುತ್ತಾರೆ. ಕಾಲೇಜಿನಲ್ಲಿ, ಕೆಲಸದ ಜಾಗದಲ್ಲಿ ಯಾರೂ ತಾವಾಗಿ ಕೇಳುವುದಿಲ್ಲ. ‘ನನಗೆ ಕಿವಿ ಕೇಳಿಸುವುದಿಲ್ಲ, ಸಭೆಯಲ್ಲಿ ಸಂಜ್ಞೆ ಭಾಷೆಯ ಅನುವಾದಕರು ಬೇಕು’, ‘ನನಗೆ ಸೂಚನೆಗಳನ್ನು ಬರೆದು ಕೊಟ್ಟರೆ ತಪ್ಪಾಗುವುದಿಲ್ಲ’ ಎಂದು ತಾನೇ ಬಾಯಿ ಬಿಟ್ಟು ಹೇಳಬೇಕು. ತನ್ನ ಅಂಗವೈಕಲ್ಯವನ್ನು, ತನಗೆ ಬೇಕಾದ ಅನುಕೂಲವನ್ನು ಎರಡು ವಾಕ್ಯಗಳಲ್ಲಿ, ಸಂಕೋಚವಿಲ್ಲದೆ ಹೇಳುವುದು ಕಲಿತು ಬರುವ ವಿದ್ಯೆ. ಎಷ್ಟೋ ಮಕ್ಕಳಿಗೆ ತಮ್ಮ ಸ್ಥಿತಿಯ ಹೆಸರನ್ನೇ ಮನೆಯವರು ಹೇಳಿರುವುದಿಲ್ಲ. ಮಗುವಿನ ಮನಸ್ಸಿಗೆ ನೋವಾದೀತು ಎಂಬ ಕಾಳಜಿ ಅದರ ಹಿಂದೆ ಇರುತ್ತದೆ. ಆದರೆ ಹೆಸರು ಗೊತ್ತಿಲ್ಲದವನು ನೆರವನ್ನು ಹೇಗೆ ಕೇಳಬೇಕು?

ಕಾಗದದ ಮೇಲಿನ ಯೋಜನೆ

ಶಾಲೆಯಿಂದ ವಯಸ್ಕ ಬದುಕಿಗೆ ದಾಟುವುದನ್ನು ಯೋಜಿಸಬೇಕು ಎಂಬ ವಿಚಾರಕ್ಕೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದಲ್ಲಿ ಎಲ್ಲ ಅಂಗವಿಕಲ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದದ್ದು 1975ರ ಕಾನೂನು. ಹೀಗೆ ಶಾಲೆಗೆ ಬಂದವರು ಓದು ಮುಗಿಸಿ ಹೊರಬರತೊಡಗಿದಾಗ ಮುಂದೇನು ಎಂಬ ಪ್ರಶ್ನೆ ಎದುರಾಯಿತು. 1984ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿ ಮೆಡಲೀನ್ ವಿಲ್, ಸ್ವತಃ ಅಂಗವಿಕಲ ಮಗನ ತಾಯಿ, ಶಾಲೆಯಿಂದ ಉದ್ಯೋಗಕ್ಕೆ ಸೇತುವೆ ಕಟ್ಟಬೇಕೆಂಬ ನೀತಿಯನ್ನು ಮುಂದಿಟ್ಟರು. ಮರುವರ್ಷವೇ ಆಂಡ್ರ್ಯೂ ಹಾಲ್ಪರ್ನ್ ಎಂಬ ವಿದ್ವಾಂಸರು ಅದನ್ನು ತಿದ್ದಿದರು. ಉದ್ಯೋಗ ಒಂದೇ ಸಾಲದು, ವಾಸಿಸುವ ಮನೆಯೂ ಒಡನಾಡುವ ಜನರೂ ಅಷ್ಟೇ ಮುಖ್ಯ, ಒಂದು ಸರಿಹೋದ ಮಾತ್ರಕ್ಕೆ ಉಳಿದವು ತಾವಾಗಿ ಸರಿಹೋಗುವುದಿಲ್ಲ ಎಂಬುದು ಅವರ ವಾದ. ಈ ತಿದ್ದುಪಡಿ ಬಹಳ ಬೆಲೆಯುಳ್ಳದ್ದು. ದಿನಕ್ಕೆ ಆರು ಗಂಟೆ ಕೆಲಸ ಮಾಡಿ ಮನೆಗೆ ಬಂದು ಯಾರೊಡನೆಯೂ ಮಾತಿಲ್ಲದೆ ಗೋಡೆ ನೋಡುತ್ತ ಕೂರುವ ಯುವಕನ ಬದುಕನ್ನು ಯಾವ ಲೆಕ್ಕದಲ್ಲೂ ಯಶಸ್ಸು ಎನ್ನಲಾಗದು.

1990ರಲ್ಲಿ ಈ ಯೋಜನೆ ಅಮೆರಿಕದಲ್ಲಿ ಕಾನೂನಿನ ಕಡ್ಡಾಯವಾಯಿತು. ಈಗಿನ ನಿಯಮದಂತೆ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಶಾಲೆಯ ನಂತರದ ಗುರಿಗಳು ಇರಲೇಬೇಕು, ಅದನ್ನು ಚರ್ಚಿಸುವ ಸಭೆಗೆ ವಿದ್ಯಾರ್ಥಿಯನ್ನೂ ಕರೆಯಲೇಬೇಕು. ಇಂಗ್ಲೆಂಡಿನಲ್ಲಿ ಈ ಮಾತುಕತೆ ಇನ್ನೂ ಬೇಗ, 13-14ರ ವಯಸ್ಸಿನಲ್ಲಿ, ಒಂಬತ್ತನೇ ವರ್ಷದ ತರಗತಿಯಿಂದ ಶುರುವಾಗಬೇಕು. ಉದ್ಯೋಗ, ಸ್ವತಂತ್ರ ವಾಸ, ಸಮುದಾಯದಲ್ಲಿ ಪಾಲು, ಆರೋಗ್ಯ ಎಂಬ ನಾಲ್ಕೂ ಅದರೊಳಗೆ ಬರಬೇಕು. ನನಗೆ ಇಂಗ್ಲೆಂಡಿನ ವಯಸ್ಸು ಹೆಚ್ಚು ಸರಿ ಎನಿಸುತ್ತದೆ. 16ಕ್ಕೆ ಆರಂಭಿಸಿದರೆ ಗುರಿ ಬರೆಯಲು ಸಮಯ ಸಿಗುತ್ತದೆ, ಅದನ್ನು ಮಾಡಿ ನೋಡಿ, ಎಡವಿ, ಬದಲಿಸಲು ಸಿಗುವುದಿಲ್ಲ.

ಕಾನೂನು ಇದ್ದಲ್ಲಿಯೂ ಯೋಜನೆ ಬರೀ ಕಾಗದವಾಗಿ ಉಳಿಯುವುದುಂಟು. ಅದನ್ನು ಗುರುತಿಸುವುದು ಕಷ್ಟವಲ್ಲ. ‘ವಿದ್ಯಾರ್ಥಿನಿ ಉದ್ಯೋಗಾವಕಾಶಗಳ ಬಗ್ಗೆ ಅರಿತುಕೊಳ್ಳುವಳು’ ಎಂದು ಬರೆದಿದ್ದರೆ ಅದರಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದಿಲ್ಲ. ವರ್ಷದ ಕೊನೆಯಲ್ಲಿ ಅದು ನಡೆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಅದರ ಬದಲು ಹೀಗೆ ಬರೆದರೆ? ‘ಅವಳಿಗೆ ಪ್ರಾಣಿಗಳೆಂದರೆ ಇಷ್ಟ. ಗದ್ದಲ ಕಂಡರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಎರಡು ತಿಂಗಳು ಪ್ರತಿ ಮಂಗಳವಾರ ಬೆಳಿಗ್ಗೆ ಎರಡು ಗಂಟೆ ಕಾಲ ಪಶುವೈದ್ಯರ ಬಳಿ ಗೂಡು ಶುಚಿ ಮಾಡುವ, ನೀರಿಡುವ ಕೆಲಸ ಮಾಡಿ ನೋಡುತ್ತಾಳೆ. ಮೊದಲ ಮೂರು ವಾರ ಶಿಕ್ಷಕಿ ಜೊತೆಗಿರುತ್ತಾರೆ. ಕೊನೆಗೆ ಅವಳನ್ನೇ ಕೇಳುತ್ತೇವೆ: ಇದು ಬೇಕೋ ಬೇಡವೋ?’ ಇದರಲ್ಲಿ ಒಬ್ಬ ಮನುಷ್ಯಳು ಕಾಣುತ್ತಾಳೆ. ಅವಳು ಬೇಡ ಎಂದರೂ ಆ ಎರಡು ತಿಂಗಳು ವ್ಯರ್ಥವಾಗುವುದಿಲ್ಲ. ನಾಯಿಯ ಬೊಗಳುವಿಕೆ ತನಗೆ ಸಹಿಸಲಾಗದು ಎಂದು ತಿಳಿದುಕೊಳ್ಳಲು ಅವಳಿಗೆ ಬೇರೆ ದಾರಿಯಿರಲಿಲ್ಲ.

ಹದಿನೈದು ಬಿಡಿಭಾಗಗಳ ಬ್ರೇಕ್

‘ತಯಾರಾಗಿಲ್ಲ’ ಎಂಬ ಮಾತಿಗೆ ನಾನು ಕಂಡ ಗಟ್ಟಿ ಉತ್ತರ ಸಿದ್ಧಾಂತದಿಂದ ಬಂದದ್ದಲ್ಲ, ಸೈಕಲ್ಲಿನ ಬ್ರೇಕ್‌ನಿಂದ ಬಂದದ್ದು. ಮಾರ್ಕ್ ಗೋಲ್ಡ್ ಎಂಬ ಅಮೆರಿಕದ ಸಂಶೋಧಕ 1970ರ ದಶಕದ ಆರಂಭದಲ್ಲಿ ತೀವ್ರ ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಅಲ್ಲಿಯವರೆಗೆ ಅಂಥವರಿಗೆ ಪೆಟ್ಟಿಗೆ ಮಡಚುವುದು, ಬಣ್ಣ ನೋಡಿ ವಸ್ತು ಬೇರ್ಪಡಿಸುವುದು ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ ಎಂದೇ ನಂಬಲಾಗಿತ್ತು. ಗೋಲ್ಡ್ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿದರು. ಭಾಗಗಳನ್ನು ಜೋಡಿಸುವ ಕ್ರಮದಲ್ಲೇ ಸಾಲಾಗಿ ಇಟ್ಟರು. ಹೆಚ್ಚು ಮಾತಾಡದೆ ಕೈಯಿಂದ ತೋರಿಸಿದರು. ಕಲಿಯುವವನು ತಪ್ಪಿದರೆ ಅವನ ಬುದ್ಧಿಯನ್ನು ದೂರಲಿಲ್ಲ. ಕಲಿಸುವ ರೀತಿ ಸರಿಯಿಲ್ಲ, ಬೇರೆ ರೀತಿ ನೋಡೋಣ ಎಂದರು. ಕಲಿಯಲು ಬಂದವರು ಕಲಿತರು.

ಇಲ್ಲಿ ತಲೆಕೆಳಗಾದದ್ದು ಹೊಣೆ. ಅದುವರೆಗೆ ಕಲಿಯುವವನು ಪರೀಕ್ಷೆಗೆ ಒಳಗಾಗುತ್ತಿದ್ದ. ಈಗ ಕಲಿಸುವವನು ಪರೀಕ್ಷೆಗೆ ಒಳಗಾದ. ಮುಂದಿನ ವರ್ಷಗಳಲ್ಲಿ ನೆರವಿನೊಂದಿಗಿನ ಉದ್ಯೋಗ ಎಂಬ ಪದ್ಧತಿ ಬೆಳೆದದ್ದು ಇದೇ ನೆಲದ ಮೇಲೆ. ಮೊದಲು ತರಬೇತಿ ಕೇಂದ್ರದಲ್ಲಿ ವರ್ಷಗಟ್ಟಲೆ ಪಳಗಿಸಿ ಆಮೇಲೆ ಕೆಲಸ ಹುಡುಕುವ ಕ್ರಮವನ್ನು ಅದು ತಿರುಗಿಸಿತು. ಮೊದಲು ನಿಜವಾದ ಕೆಲಸ, ನಿಜವಾದ ಸಂಬಳ, ಆ ಜಾಗದಲ್ಲೇ ಪಕ್ಕದಲ್ಲಿ ನಿಂತು ಕಲಿಸುವ ಒಬ್ಬ ಜಾಬ್ ಕೋಚ್. ಕೆಲಸ ಕೈಗೆ ಹತ್ತಿದಂತೆ ಆ ವ್ಯಕ್ತಿ ನಿಧಾನವಾಗಿ ಹಿಂದೆ ಸರಿಯುತ್ತಾರೆ. ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಹೆಚ್ಚು ಕಷ್ಟ. ಹಾಗಿರುವಾಗ ತರಗತಿಯಲ್ಲಿ ನಕಲಿ ಅಂಗಡಿ ಹೂಡಿ, ನಕಲಿ ನೋಟು ಕೊಟ್ಟು ಕಲಿಸುವುದರಿಂದ ಎಷ್ಟು ಉಪಯೋಗ? ಅಂಗಡಿಯಲ್ಲಿ ಬಳಸಬೇಕಾದ ವಿದ್ಯೆಯನ್ನು ಅಂಗಡಿಯಲ್ಲೇ ಕಲಿಯುವುದು ಹತ್ತಿರದ ದಾರಿ.

1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾದ ಪ್ರಾಜೆಕ್ಟ್ ಸರ್ಚ್ ಎಂಬ ಕಾರ್ಯಕ್ರಮ ಇದನ್ನು ಶಾಲೆಯೊಳಕ್ಕೇ ತಂದಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿ ತುಂಬಿಸಿಡುವ ಕೆಲಸಕ್ಕೆ ಸೇರಿದವರು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥೆಯಾಗಿದ್ದ ಎರಿನ್ ರೀಲಿ, ಅದೇ ಆಸ್ಪತ್ರೆಗೆ ಚಿಕಿತ್ಸೆಗೆ ಬರುವ ಅಂಗವಿಕಲ ಮಕ್ಕಳು ಬೆಳೆದ ಮೇಲೆ ಈ ಕೆಲಸ ಏಕೆ ಮಾಡಬಾರದು ಎಂದು ಕೇಳಿದರು. ಇಂದು ಹಲವು ದೇಶಗಳಿಗೆ ಹರಡಿರುವ ಈ ಕ್ರಮದಲ್ಲಿ ಶಾಲೆಯ ಕೊನೆಯ ವರ್ಷವನ್ನು ಪೂರ್ತಿಯಾಗಿ ಕೆಲಸದ ಜಾಗದಲ್ಲೇ ಕಳೆಯಲಾಗುತ್ತದೆ. ಒಂದಾದ ಮೇಲೊಂದರಂತೆ ಬೇರೆ ಬೇರೆ ವಿಭಾಗಗಳಲ್ಲಿ ದುಡಿದು ನೋಡುವುದರಿಂದ ಯುವಕನಿಗೆ ತನ್ನ ಒಲವು ತಿಳಿಯುತ್ತದೆ, ಸಂಸ್ಥೆಗೆ ಅವನ ಸಾಮರ್ಥ್ಯ ತಿಳಿಯುತ್ತದೆ. ಸಂಸ್ಥೆ ಕರುಣೆಯಿಂದ ಕೆಲಸ ಕೊಡುವುದಿಲ್ಲ, ಅದಕ್ಕೂ ಕೆಲಸದವರು ಬೇಕು. ಈ ಅಂಶವನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕರುಣೆಯಿಂದ ಸಿಕ್ಕ ಕೆಲಸ ಮೇಲಧಿಕಾರಿ ಬದಲಾದ ದಿನವೇ ಹೋಗಬಹುದು.

2000ದಿಂದ 2009ರವರೆಗೆ ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುತ್ತಿದ್ದ 11,000ಕ್ಕೂ ಹೆಚ್ಚು ಮಕ್ಕಳನ್ನು ಹದಿಹರೆಯದಿಂದ ಯೌವನದವರೆಗೆ ಹಿಂಬಾಲಿಸಿದ ರಾಷ್ಟ್ರೀಯ ಅಧ್ಯಯನವೊಂದು ನಡೆಯಿತು. ಅದರ ಮಾಹಿತಿಯನ್ನು ಬಗೆದು ನೋಡಿದ ಸಂಶೋಧಕರಿಗೆ ತೀವ್ರ ಅಂಗವೈಕಲ್ಯವುಳ್ಳ ಯುವಜನರ ವಿಷಯದಲ್ಲಿ ಎರಡು ಸಂಗತಿಗಳು ಎದ್ದು ಕಂಡವು. ಶಾಲೆಯಲ್ಲಿದ್ದಾಗಲೇ ಸಂಬಳದ ಕೆಲಸ ಮಾಡಿದವರಿಗೆ ಮುಂದೆಯೂ ಕೆಲಸ ಸಿಕ್ಕುವ ಸಂಭವ ಹೆಚ್ಚು. ಮಗ ಅಥವಾ ಮಗಳು ಮುಂದೆ ದುಡಿಯುತ್ತಾಳೆ ಎಂದು ತಂದೆತಾಯಿ ನಿರೀಕ್ಷಿಸಿದ್ದ ಮನೆಗಳಲ್ಲಿಯೂ ಹಾಗೆಯೇ. ಎರಡನೆಯದನ್ನು ಓದಿ ಪೋಷಕರ ಮೇಲೆ ತಪ್ಪು ಹೊರಿಸಬಾರದು. ನಿರೀಕ್ಷೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಹುಟ್ಟಿದ ದಿನದಿಂದ ವೈದ್ಯರು, ನೆಂಟರು, ಶಿಕ್ಷಕರು ‘ಇದಾಗುವುದಿಲ್ಲ, ಅದಾಗುವುದಿಲ್ಲ’ ಎಂದೇ ಹೇಳುತ್ತ ಬಂದಿದ್ದರೆ ಯಾವ ತಾಯಿಯ ನಿರೀಕ್ಷೆ ಉಳಿದೀತು? ತನ್ನ ಮಗನಂಥ ಇನ್ನೊಬ್ಬ ಯುವಕ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋಗುವುದನ್ನು ಕಣ್ಣಾರೆ ಕಂಡಾಗ ಆ ನಿರೀಕ್ಷೆ ಮರಳುತ್ತದೆ. ಅದಕ್ಕಾಗಿಯೇ ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಸಿ ಮಾತಾಡಿಸುವುದು ಎಷ್ಟೋ ಕೈಪಿಡಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಂಗವಿಕಲರಿಗೆಂದೇ ಪ್ರತ್ಯೇಕವಾಗಿ ನಡೆಸುವ ಕಾರ್ಯಾಗಾರಗಳ ಬಗ್ಗೆ ಒಂದು ಮಾತು. ಅಲ್ಲಿ ಸುರಕ್ಷತೆ ಇದೆ, ಒಡನಾಟ ಇದೆ, ದಿನ ತುಂಬುತ್ತದೆ. ಬೇರೇನೂ ಇಲ್ಲದ ಕಡೆ ಅವನ್ನು ಆರಿಸಿಕೊಂಡ ಕುಟುಂಬವನ್ನು ನಾನು ದೂರಲಾರೆ. ಆದರೆ ಅಲ್ಲಿಗೆ ‘ತರಬೇತಿಗಾಗಿ’ ಹೋದವರು ಹೆಚ್ಚಾಗಿ ಅಲ್ಲೇ ಉಳಿಯುತ್ತಾರೆ, ಕೈಗೆ ಬರುವ ಹಣವೂ ಅತ್ಯಲ್ಪ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಎಲ್ಲರೊಡನೆ ಮುಕ್ತವಾಗಿ ದುಡಿಯುವ ಹಕ್ಕಿನ ಬಗ್ಗೆ ಮಾತಾಡುತ್ತದೆ. ಅದರ ಸಮಿತಿ 2022ರಲ್ಲಿ, ಇಂಥ ಪ್ರತ್ಯೇಕ ವ್ಯವಸ್ಥೆಯನ್ನು ಆ ಹಕ್ಕಿನ ಕಡೆಗಿನ ಮುನ್ನಡೆ ಎಂದು ಎಣಿಸಲಾಗದು ಎಂದು ಸ್ಪಷ್ಟಪಡಿಸಿತು.

ನಿರ್ಧಾರ ಯಾರದು

18 ತುಂಬಿದ ರಾತ್ರಿ ಹುಡುಗಿಯಲ್ಲಿ ಏನೂ ಬದಲಾಗಿರುವುದಿಲ್ಲ. ಆದರೆ ಬಹುತೇಕ ದೇಶಗಳಲ್ಲಿ ಬೆಳಗಾಗುವ ಹೊತ್ತಿಗೆ ಅವಳು ಕಾನೂನಿನ ಕಣ್ಣಿನಲ್ಲಿ ವಯಸ್ಕಳು. ಬ್ಯಾಂಕ್ ಅವಳ ಸಹಿ ಕೇಳುತ್ತದೆ, ಆಸ್ಪತ್ರೆ ಅವಳ ಒಪ್ಪಿಗೆ ಕೇಳುತ್ತದೆ. ಬೌದ್ಧಿಕ ಅಂಗವೈಕಲ್ಯವಿದ್ದರೆ ಪೋಷಕರು ಗಾಬರಿಯಾಗುತ್ತಾರೆ. ಯಾರೋ ಕಾನೂನುಬದ್ಧ ಪಾಲಕತ್ವ ಪಡೆಯಿರಿ ಎನ್ನುತ್ತಾರೆ. ಅವರು ಅರ್ಜಿ ಹಾಕುತ್ತಾರೆ. ಅದರ ಪರಿಣಾಮವನ್ನು ಅಷ್ಟಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಪೂರ್ಣ ಪಾಲಕತ್ವ ಬಂದಲ್ಲಿ ಎಲ್ಲಿ ವಾಸಿಸಬೇಕು, ಹಣವನ್ನು ಹೇಗೆ ಖರ್ಚು ಮಾಡಬೇಕು, ಯಾವ ಚಿಕಿತ್ಸೆ ಪಡೆಯಬೇಕು ಎಂಬ ನಿರ್ಧಾರಗಳು ಆ ವ್ಯಕ್ತಿಯ ಕೈಯಿಂದ ಹೋಗುತ್ತವೆ. ಒಮ್ಮೆ ಹೋದದ್ದನ್ನು ಮರಳಿ ಪಡೆಯುವುದು ಸುಲಭವಲ್ಲ.

2006ರ ಡಿಸೆಂಬರ್ 13ರಂದು ಅಂಗೀಕಾರವಾಗಿ 2008ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ ಬೇರೆ ದಾರಿ ತೋರಿಸುತ್ತದೆ. ನಿರ್ಧಾರ ತೆಗೆದುಕೊಳ್ಳಲು ಕಷ್ಟವಾದರೆ ನಿರ್ಧಾರವನ್ನು ಕಿತ್ತುಕೊಳ್ಳಬೇಡಿ, ನೆರವು ಕೊಡಿ ಎಂಬುದು ಅದರ ತಿರುಳು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1996ರಲ್ಲೇ, ವ್ಯಕ್ತಿ ತಾನು ನಂಬುವವರನ್ನು ಆರಿಸಿಕೊಂಡು ಅವರ ಸಹಾಯದಿಂದ ನಿರ್ಧರಿಸಲು ಅವಕಾಶ ಕೊಡುವ ಕಾನೂನು ಮಾಡಿತ್ತು. ದಕ್ಷಿಣ ಅಮೆರಿಕದ ದೇಶಗಳಾದ ಪೆರು 2018ರಲ್ಲಿ, ಕೊಲಂಬಿಯಾ 2019ರಲ್ಲಿ ತಮ್ಮ ಕಾನೂನುಗಳನ್ನು ಈ ದಿಕ್ಕಿಗೆ ತಿರುಗಿಸಿದವು. ಇದು ದೂರದ ಆದರ್ಶವಲ್ಲ. ನಾವೆಲ್ಲ ಮನೆ ಕೊಳ್ಳುವಾಗ, ಶಸ್ತ್ರಚಿಕಿತ್ಸೆಗೆ ಒಪ್ಪುವಾಗ ನಾಲ್ಕು ಜನರನ್ನು ಕೇಳಿಯೇ ತೀರ್ಮಾನಿಸುತ್ತೇವೆ. ಯಾರೂ ಅದಕ್ಕಾಗಿ ನಮ್ಮ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ.

ಆದರೆ ಕಾನೂನು ಏನೇ ಹೇಳಲಿ, ಹದಿನೆಂಟು ವರ್ಷ ಒಂದೂ ನಿರ್ಧಾರ ಮಾಡದವಳು ಹತ್ತೊಂಬತ್ತನೆಯ ವರ್ಷದಲ್ಲಿ ಎಲ್ಲಿ ಬದುಕಬೇಕು ಎಂದು ನಿರ್ಧರಿಸಲಾರಳು. ಅಭ್ಯಾಸ ಬಹಳ ಹಿಂದೆ, ಬಹಳ ಸಣ್ಣದರಿಂದ ಶುರುವಾಗಬೇಕು. ಯಾವ ಅಂಗಿ ತೊಡಲಿ, ರಜೆಯಲ್ಲಿ ಏನು ಮಾಡಲಿ, ಕೂದಲು ಎಷ್ಟು ಕತ್ತರಿಸಲಿ, ಕೈಗೆ ಸಿಕ್ಕ ಹಣವನ್ನು ಇಂದೇ ಕಳೆಯಲೋ ಇಡಲೋ. ಇಂದೇ ಕಳೆದರೆ ನಾಳೆ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಬೇಕಾದರೆ ಒಮ್ಮೆ ಇಲ್ಲವಾಗಬೇಕು. ಅಲ್ಲಿಯೇ ನಮ್ಮ ಕೈ ಅಡ್ಡ ಬರುತ್ತದೆ. ರಾಬರ್ಟ್ ಪರ್ಸ್ಕೆ ಎಂಬ ಅಮೆರಿಕದ ಲೇಖಕರು 1972ರಲ್ಲಿ, ಅಪಾಯಕ್ಕೆ ಒಡ್ಡಿಕೊಳ್ಳುವುದರಲ್ಲಿಯೂ ಮನುಷ್ಯನ ಘನತೆಯಿದೆ, ಅತಿಯಾದ ರಕ್ಷಣೆ ಆ ಘನತೆಯನ್ನು ಕಸಿಯುತ್ತದೆ ಎಂದು ವಾದಿಸಿದರು. ಐದು ದಶಕಗಳ ನಂತರವೂ ಆ ವಾದ ಹಳತಾಗಿಲ್ಲ. ಎಲ್ಲ ಅಪಾಯವೂ ಒಂದೇ ಅಲ್ಲ, ನಿಜ. ದಾರಿ ತಪ್ಪಿ ಒಂದು ನಿಲ್ದಾಣ ಮುಂದೆ ಇಳಿಯುವುದು ಬೇರೆ, ಮೋಸಗಾರನ ಕೈಗೆ ಬ್ಯಾಂಕ್ ಖಾತೆಯ ಗುಪ್ತ ಸಂಖ್ಯೆ ಕೊಡುವುದು ಬೇರೆ. ಮೊದಲನೆಯದನ್ನು ಆಗಗೊಡಬೇಕು, ಫೋನ್ ಮಾಡುವುದನ್ನು ಮೊದಲೇ ಕಲಿಸಿ. ಎರಡನೆಯದನ್ನು ತಡೆಯಬೇಕು, ಏಕೆ ತಡೆದೆವು ಎಂದು ಅವಳಿಗೇ ವಿವರಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಬೇಲಿ ಇನ್ನೂ ಎತ್ತರ. ದೇಹ, ಸ್ನೇಹ, ಪ್ರೇಮ, ಒಪ್ಪಿಗೆ ಎಂಬ ಮಾತುಗಳನ್ನೇ ಅವರೆದುರು ಎತ್ತುವುದಿಲ್ಲ. ಎತ್ತದಿದ್ದರೆ ಸುರಕ್ಷಿತ ಎಂಬ ನಂಬಿಕೆ ತಪ್ಪು. ತನಗೆ ಇಷ್ಟವಿಲ್ಲದ ಸ್ಪರ್ಶವನ್ನು ಹೆಸರಿಸಲು ಪದಗಳಿಲ್ಲದ ಹುಡುಗಿ ದೂರು ಹೇಳಲೂ ಆಗದ ಸ್ಥಿತಿಯಲ್ಲಿರುತ್ತಾಳೆ. ಶಾಲೆ ಬಿಡುವ ಮೊದಲು ಅವಳಿಗೆ ಕೊಡಲೇಬೇಕಾದ ವಿದ್ಯೆಗಳಲ್ಲಿ ‘ಬೇಡ’ ಎನ್ನುವುದೂ ಒಂದು. ಮಾತು ಬಾರದಿದ್ದರೆ ಅವಳು ಬೆರಳಿಟ್ಟು ತೋರಿಸಿ ಮಾತಾಡುವ ಚಿತ್ರದ ಫಲಕದ ಮೇಲೆ ಆ ಪದಕ್ಕೂ ಒಂದು ಜಾಗವಿರಬೇಕು.

ಇಲ್ಲಿಯೇ ಇನ್ನೊಂದು ಸಂಗತಿ. ಮಾತನಾಡಲಾಗದ ಎಷ್ಟೋ ಮಕ್ಕಳು ಟ್ಯಾಬ್ಲೆಟ್ ಅಥವಾ ಧ್ವನಿ ಹೊರಡಿಸುವ ಸಾಧನದ ಮೂಲಕ ಮಾತಾಡುತ್ತಾರೆ. ಆ ಸಾಧನ ಶಾಲೆಯ ಆಸ್ತಿಯಾಗಿದ್ದರೆ ಕೊನೆಯ ದಿನ ಅದನ್ನು ಮರಳಿಸಬೇಕಾಗುತ್ತದೆ. ಗಣಕಯಂತ್ರವನ್ನೋ ಪುಸ್ತಕವನ್ನೋ ಹಿಂದಿರುಗಿಸಿದಂತೆ ಒಬ್ಬ ಯುವಕ ತನ್ನ ಧ್ವನಿಯನ್ನು ಹಿಂದಿರುಗಿಸಿ ಮನೆಗೆ ಹೋಗುತ್ತಾನೆ. ಯೋಜನೆಯಲ್ಲಿ ಒಂದು ಸಾಲು ಬರೆದು ಎರಡು ವರ್ಷ ಮೊದಲೇ ಬದಲಿ ಸಾಧನಕ್ಕೆ ಅರ್ಜಿ ಹಾಕಿದ್ದರೆ ತಪ್ಪಿಸಬಹುದಾದದ್ದು ಇದು.

ನಮ್ಮ ನಂತರ

ಆರೋಗ್ಯದ ದಾಟುವಿಕೆಯನ್ನು ಚುಟುಕಾಗಿ ಹೇಳುತ್ತೇನೆ. ಮಕ್ಕಳ ವೈದ್ಯರು ಇಡೀ ಮನೆಯೊಡನೆ ಮಾತಾಡುತ್ತಾರೆ, ದೊಡ್ಡವರ ವೈದ್ಯರು ರೋಗಿಯೊಡನೆ ಮಾತಾಡುತ್ತಾರೆ. ತನ್ನ ಔಷಧಿಯ ಹೆಸರು, ಪ್ರಮಾಣ, ಯಾವುದು ಮೈಗೆ ಒಗ್ಗುವುದಿಲ್ಲ ಎಂಬ ವಿವರ ಯುವಕನಿಗೇ ಗೊತ್ತಿರಬೇಕು, ಇಲ್ಲವೇ ಅವನ ಜೇಬಿನ ಒಂದು ಚೀಟಿಯಲ್ಲಿರಬೇಕು. ಹಳೆಯ ವೈದ್ಯರು ಬಿಡುವ ಮೊದಲು ಹೊಸ ವೈದ್ಯರನ್ನು ಒಮ್ಮೆಯಾದರೂ ಭೇಟಿ ಮಾಡಿರಬೇಕು.

ಭತ್ಯೆಯ ಲೆಕ್ಕವೂ ಹಾಗೆಯೇ ಮೊದಲೇ ಆಗಬೇಕು. ದುಡಿಯಲಾರದವರಿಗೆ ಎಂದು ಕೊಡುವ ಭತ್ಯೆ, ದುಡಿಯಲು ಆರಂಭಿಸಿದ ಕೂಡಲೇ ನಿಂತುಹೋಗುವ ದೇಶಗಳಿವೆ. ಕೆಲಸ ಹೋದರೆ ಭತ್ಯೆ ಮರಳುತ್ತದೆಯೇ ಎಂದು ಗೊತ್ತಿಲ್ಲದ ಕುಟುಂಬ ಕೆಲಸವನ್ನೇ ಬೇಡ ಎನ್ನುವುದು ಸೋಮಾರಿತನವಲ್ಲ, ಲೆಕ್ಕಾಚಾರ. ಆ ಲೆಕ್ಕವನ್ನು ಬದಲಿಸಬೇಕಾದವರು ನಿಯಮ ಮಾಡುವವರು.

ಆದರೆ ಪೋಷಕರ ನಿದ್ದೆ ಕೆಡಿಸುವ ಪ್ರಶ್ನೆ ಇವು ಯಾವುವೂ ಅಲ್ಲ. ನಮ್ಮ ನಂತರ ಯಾರು? ಬಾಯಿ ಬಿಟ್ಟು ಕೇಳಿದರೂ ಕೇಳದಿದ್ದರೂ ಪ್ರತಿ ಸಭೆಯಲ್ಲಿ ಈ ಪ್ರಶ್ನೆ ಇರುತ್ತದೆ. ಹೆಚ್ಚಿನ ಮನೆಗಳು ಒಡಹುಟ್ಟಿದವರ ಕಡೆ ನೋಡುತ್ತವೆ, ಅವರನ್ನು ಒಂದು ಮಾತು ಕೇಳದೆಯೇ. ಅಕ್ಕನಿಗೋ ತಮ್ಮನಿಗೋ ಈ ಹೊಣೆ ಹೊರಲು ಇಷ್ಟವಿರಬಹುದು, ಅಂಜಿಕೆಯೂ ಇರಬಹುದು. ಅವರನ್ನು ಕೂರಿಸಿಕೊಂಡು ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎಂದು ಕೇಳುವುದು ಯೋಜನೆಯ ಭಾಗ. ಹಾಗೆಯೇ, ತಂದೆತಾಯಿ ಇರುವಾಗಲೇ ಆಗಾಗ ಒಂದೆರಡು ರಾತ್ರಿ ಬೇರೆಡೆ ಉಳಿದು ಬರುವ ಅಭ್ಯಾಸ ಮಾಡಿಸುವುದು ಒಳ್ಳೆಯದು. ಹೆತ್ತವರನ್ನು ಕಳೆದುಕೊಂಡ ವಾರದಲ್ಲೇ ಮನೆಯನ್ನೂ ಹಾಸಿಗೆಯನ್ನೂ ಕಳೆದುಕೊಳ್ಳುವ ದುಃಖವನ್ನು ಯಾರ ಮೇಲೂ ಹೊರಿಸಬಾರದು.

ಇಷ್ಟೆಲ್ಲ ಓದಿದ ಒಬ್ಬ ತಾಯಿ ಕೇಳಬಹುದು: ನನ್ನ ಮಗ ಮಾತಾಡುವುದಿಲ್ಲ, ತಾನಾಗಿ ಉಣ್ಣುವುದಿಲ್ಲ, ದಿನವಿಡೀ ಒಬ್ಬರು ಜೊತೆಗಿರಬೇಕು. ಅವನಿಗೆ ಯಾವ ಯೋಜನೆ? ಈ ಪ್ರಶ್ನೆಯನ್ನು ಬದಿಗೆ ಸರಿಸಿ ಬರೆದ ಯಾವ ಲೇಖನವನ್ನೂ ನಾನು ನಂಬುವುದಿಲ್ಲ. ಅವನು ಸಂಬಳದ ಕೆಲಸ ಮಾಡದಿರಬಹುದು. ಆದರೂ ಅವನ ಬದುಕಿನಲ್ಲಿ ಅವನದೇ ಆದ ಇಷ್ಟಗಳಿವೆ. ಯಾರು ಬಂದಾಗ ಕಣ್ಣು ಅರಳುತ್ತದೆ, ಯಾವ ಸದ್ದಿಗೆ ಮೈ ಬಿಗಿಯುತ್ತದೆ, ನೀರಿನಲ್ಲಿ ಇಳಿಸಿದಾಗ ನಗುತ್ತಾನೋ ಅಳುತ್ತಾನೋ ಎಂಬುದು ಆ ತಾಯಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಅದನ್ನೆಲ್ಲ ಬರೆದಿಡುವುದು, ವಿಡಿಯೊ ಮಾಡಿಡುವುದು, ನಾಲ್ಕೈದು ಜನರಿಗೆ ಕಲಿಸುವುದೇ ಅವನ ಯೋಜನೆಯ ಹೃದಯಭಾಗ. ಎಡ್ ರಾಬರ್ಟ್ಸ್ ಮತ್ತು ಅವರ ಜೊತೆಗಾರರು 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ತೆರೆದಾಗ ಸ್ವಾವಲಂಬನೆಗೆ ಹೊಸ ಅರ್ಥ ಕೊಟ್ಟರು. ಅವರು ಹೇಳಿದ ಸ್ವಾತಂತ್ರ್ಯ ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದಲ್ಲ, ತನ್ನ ಬದುಕು ಹೇಗೆ ಸಾಗಬೇಕು ಎಂಬುದು ತನ್ನ ಹಿಡಿತದಲ್ಲಿರುವುದು. ಅಂಗಿ ತೊಡಿಸುವವರು ಇನ್ನೊಬ್ಬರಾದರೂ ಯಾವ ಅಂಗಿ ಎಂಬುದು ತೊಡುವವನ ಮಾತಾಗಬಹುದು.

ಯಾವ ಕಾನೂನೂ ಯಾವ ಕೇಂದ್ರವೂ ಹತ್ತಿರದಲ್ಲಿ ಇಲ್ಲದ ಕುಟುಂಬಗಳು ಜಗತ್ತಿನಲ್ಲಿ ಬಹಳ. ಅಂಥ ಕಡೆಯೂ ಮಾಡಬಹುದಾದ ಒಂದು ಕ್ರಮ 1990ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಜ್ಯಾಕ್ ಪಿಯರ್ಪಾಯಿಂಟ್, ಜಾನ್ ಒ’ಬ್ರಯನ್ ಮತ್ತು ಮಾರ್ಷಾ ಫಾರೆಸ್ಟ್ ಎಂಬ ಮೂವರು ರೂಪಿಸಿದ ಅದಕ್ಕೆ ಬೇಕಾದದ್ದು ಗೋಡೆಗೆ ಅಂಟಿಸಲು ಒಂದು ದೊಡ್ಡ ಹಾಳೆ, ಬಣ್ಣದ ಪೆನ್ನುಗಳು ಮತ್ತು ಯುವಕನನ್ನು ಪ್ರೀತಿಸುವ ಐದಾರು ಜನ. ಯುವಕನ ಕನಸಿನಿಂದ ಶುರು ಮಾಡುತ್ತಾರೆ. ಆಮೇಲೆ ಒಂದೆರಡು ವರ್ಷದ ಮುಂದಕ್ಕೆ ಹೋಗಿ, ಅಷ್ಟರಲ್ಲಿ ಏನೇನು ಕೈಗೂಡಿದೆ ಎಂದು ಕಲ್ಪಿಸಿಕೊಂಡು ಬರೆಯುತ್ತಾರೆ. ಅಲ್ಲಿಂದ ಹಿಂದಕ್ಕೆ ನಡೆಯುತ್ತ ಇಂದಿಗೆ ಬರುತ್ತಾರೆ. ಯಾರ ನೆರವು ಬೇಕು, ಆರು ತಿಂಗಳಲ್ಲಿ ಏನಾಗಬೇಕು, ಮೂರು ತಿಂಗಳಲ್ಲಿ ಏನು. ಕೊನೆಗೆ ಮೊದಲ ಹೆಜ್ಜೆಯನ್ನು ಯಾರು, ಯಾವಾಗ ಇಡುತ್ತಾರೆ ಎಂದು ಹೆಸರು ಬರೆದುಕೊಂಡು ಏಳುತ್ತಾರೆ.

ಅಂಥ ಹಾಳೆಯ ಮೇಲೆ ಹುಡುಗ ‘ವಿಮಾನ ಹಾರಿಸಬೇಕು’ ಎಂದು ಬರೆಸಿದರೆ ಸುತ್ತ ಕುಳಿತವರು ತಿದ್ದಲು ಹೊರಡುತ್ತಾರೆ. ತಿದ್ದಬೇಡಿ. ಅವನಿಗೆ ವಿಮಾನದಲ್ಲಿ ಇಷ್ಟವಾದದ್ದು ಯಾವುದು ಎಂದು ಕೇಳಿ. ಸಮವಸ್ತ್ರವೋ, ಎಂಜಿನ್ನಿನ ಸದ್ದೋ, ದೂರ ಹೋಗುವುದೋ, ಎಲ್ಲರೂ ತನ್ನ ಮಾತು ಕೇಳುವುದೋ. ಅವನು ಉತ್ತರಿಸಲು ಹೊತ್ತು ತೆಗೆದುಕೊಳ್ಳಬಹುದು, ಬೆರಳಿನಿಂದ ತೋರಿಸಬಹುದು, ಒಂದು ವಾರ ಬಿಟ್ಟು ಹೇಳಬಹುದು. ಅಷ್ಟು ಹೊತ್ತು ಆ ಹಾಳೆ ಗೋಡೆಯ ಮೇಲೆಯೇ ಇರಲಿ.